ಕ್ಷಮೆ ಸಿಕ್ಕಿದ ಮೇಲೂ ಪಾಪದ ಫಲ ಯಾಕೆ?

ದೇವರು ಕ್ಷಮಿಸಿದ ಮೇಲೂ ಪಾಪದ ಫಲ ಯಾಕೆ ಅನುಭವಿಸಬೇಕು ಎಂದು ಕೇಳಿದ್ದೀರಿ. ಬೈಬಲಿನ ರಾಜ ದಾವೀದನನ್ನೇ ನೋಡಿ. ತನ್ನ ಸೈನಿಕ ಊರೀಯನ ಹೆಂಡತಿಯ ಮೇಲೆ ಕಣ್ಣು ಹಾಕಿ ಅವಳನ್ನು ಕೂಡಿದ, ಆಮೇಲೆ ಊರೀಯನನ್ನೇ ಯುದ್ಧದಲ್ಲಿ ಸಾಯಿಸಿದ. ಪ್ರವಾದಿ ನಾತಾನ ಎದುರಿಗೇ ಹೇಳಿದಾಗ ತಪ್ಪು ಒಪ್ಪಿಕೊಂಡ. ಬೈಬಲಿನ 2 ಸಮುವೇಲ 12ನೇ ಅಧ್ಯಾಯ ಓದಿ: ದೇವರು ನಿನ್ನ ಪಾಪ ಕ್ಷಮಿಸಿದ್ದಾನೆ ಎನ್ನುವ ನಾತಾನ, ಅದರ ಬೆನ್ನಲ್ಲೇ ಅವಳಲ್ಲಿ ನಿನಗೆ ಹುಟ್ಟಿದ ಮಗು ಸಾಯುತ್ತದೆ ಎನ್ನುತ್ತಾನೆ. (ಆ ಮಗುವಿನ ಸಾವು ನನಗೆ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಸುಮ್ನೆ ಸಮಾಧಾನದ ಮಾತು ಹೇಳಲಾರೆ.) ಮುಂದೆ ದಾವೀದನ ಇನ್ನೊಬ್ಬ ಮಗ ಅಬ್ಷಾಲೋಮನೇ ಅವನ ಮೇಲೆ ತಿರುಗಿಬಿದ್ದ.

ಕ್ಷಮೆಯಿಂದ ದೇವರ ಜೊತೆಗಿನ ಸಂಬಂಧ ಸರಿಹೋಗುತ್ತದೆ. ಆದರೆ ಸತ್ತ ಊರೀಯ ಎದ್ದು ಬರಲಿಲ್ಲ, ಅಲ್ವಾ?

ಹಾಗಂತ ಬಂದ ಕಷ್ಟವನ್ನೆಲ್ಲ ಪಾಪದ ಲೆಕ್ಕಕ್ಕೆ ಬರೆಯಬೇಡಿ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇದು ಯಾರ ಪಾಪದ ಫಲ ಎಂದು ಕೇಳಿದಾಗ ಯೇಸುಸ್ವಾಮಿ ಒಪ್ಪಲಿಲ್ಲ. ಅದು ಯೋಹಾನ 9ರಲ್ಲಿದೆ.