ಕೈಗಾವೋ ಕರಾವಳಿಯ ಕಾರ್ಖಾನೆಯೋ ಎಂದು ಕೇಳಿದ ಶಿರಸಿಯ ಫಿಟ್ಟರ್‌ಗೆ

ನೀವು ಶಿರಸಿ ಕಡೆಯವರು, ಐಟಿಐ ಫಿಟ್ಟರ್. ಕೈಗಾದಲ್ಲಿ ಗುತ್ತಿಗೆದಾರರ ಮೂಲಕ ಒಂದು ಕೆಲಸ, ಕರಾವಳಿಯ ರಾಸಾಯನಿಕ ಕಾರ್ಖಾನೆಯಲ್ಲಿ ಇನ್ನೊಂದು ಕೆಲಸ ಸಿಕ್ಕಿದೆ. ಅಣುಸ್ಥಾವರ ಎಂದ ಕೂಡಲೇ ಆಯಿ ಹೆದರಿ ಕೂತಿದ್ದಾರೆ. ಸುರಕ್ಷತೆಯ ಕಾನೂನು ನಿಜಕ್ಕೂ ಕಾಯುತ್ತದೆಯೇ, ಬರೀ ಕಾಗದವೇ ಎಂದು ಕೇಳಿದ್ದೀರಿ. ನಾನು ಕಾರವಾರದವನು. ಇಪ್ಪತ್ತಾರು ವರ್ಷ ಕಾರ್ಖಾನೆಗಳಲ್ಲಿ ನಿರ್ವಹಣಾ ವಿಭಾಗದ ಮೇಲ್ವಿಚಾರಕನಾಗಿದ್ದೆ. ಕಾಯುತ್ತದೆ, ಆದರೆ ಕಾನೂನಿನ ಕಾಗದ ಕೆಲಸ ನಡೆಯುವ ಜಾಗದವರೆಗೂ ನಡೆದು ಬಂದರೆ ಮಾತ್ರ.

ಮೊದಲು ಆಯಿಯವರ ಭಯದ ಮಾತು. ಕೈಗಾದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ; 700 ಮೆಗಾವ್ಯಾಟ್‌ನ ಇನ್ನೆರಡು ಬರಲಿವೆ. ಅಲ್ಲಿ ನಡೆದ ಎರಡು ಘಟನೆಗಳನ್ನು ನಮ್ಮೂರಿನಲ್ಲಿ ಇಂದಿಗೂ ನೆನೆಯುತ್ತಾರೆ. 1994ರ ಮೇ 13ರಂದು ಒಂದನೇ ಘಟಕದ ಗುಮ್ಮಟದ ಒಳಮೈಯಿಂದ ಕಾಂಕ್ರೀಟ್ ಕಳಚಿ ಬಿದ್ದು ಹದಿನಾಲ್ಕು ಕಾರ್ಮಿಕರು ಗಾಯಗೊಂಡರು. ಆಗಿನ್ನೂ ನಿರ್ಮಾಣದ ಹಂತ, ಇಂಧನವನ್ನೇ ತುಂಬಿರಲಿಲ್ಲ. ಪೆಟ್ಟು ಕೊಟ್ಟದ್ದು ಕಾಂಕ್ರೀಟ್, ವಿಕಿರಣವಲ್ಲ. 2009ರ ನವೆಂಬರ್‌ನಲ್ಲಿ ಯಾರೋ ಕುಡಿಯುವ ನೀರಿನ ಕೂಲರ್‌ಗೆ ಸ್ಥಾವರದಲ್ಲಿ ಬಳಸುವ ಭಾರಜಲ ಬೆರೆಸಿದ್ದರಿಂದ ಐವತ್ತಕ್ಕೂ ಹೆಚ್ಚು ಸಿಬ್ಬಂದಿಯ ದೇಹಕ್ಕೆ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಸೇರಿತು. ಅದು ಬಯಲಾದದ್ದು ಹೇಗೆ ಗೊತ್ತೇ? ಅಲ್ಲಿ ಕೆಲಸಗಾರರ ಮೂತ್ರವನ್ನು ನಿಯಮಿತವಾಗಿ ಪರೀಕ್ಷಿಸುತ್ತಾರೆ. ಯಾರಿಗೂ ಜ್ವರವಿಲ್ಲ, ಸುಸ್ತಿಲ್ಲ, ಸಂಶಯವೂ ಇಲ್ಲ. ಆದರೂ ಆ ದಿನವೂ ಮಾದರಿ ಕೊಟ್ಟರು, ಪರೀಕ್ಷಿಸಿದರು, ಸಿಕ್ಕಿಬಿತ್ತು. ಏನೂ ಆಗಿಲ್ಲ ಎಂದು ತೋರುವ ದಿನವೂ ತಪ್ಪದೆ ಮಾಡುವ ಇಂಥ ಕೆಲಸದ ಮೇಲೆ ನನಗೆ ಬಹಳ ಗೌರವ.

ಕಣ್ಣಿಗೆ ಕಾಣದ ವಿಕಿರಣಕ್ಕೆ ಎಲ್ಲರೂ ಹೆದರುತ್ತಾರೆ, ಹಾಗಾಗಿ ಅದನ್ನು ಅಳೆಯುತ್ತಾರೆ. ಎದೆಯ ಮೇಲೆ, ಮೈಗೆ ತಗಲಿದ ವಿಕಿರಣವನ್ನು ಲೆಕ್ಕ ಹಿಡಿಯುವ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ. ವರ್ಷಕ್ಕೆ 30 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ), ಐದು ವರ್ಷಕ್ಕೆ 100 ಎಂಬ ಮಿತಿ ಇದೆ. ನನಗೆ ಹೆಚ್ಚು ಭಯವಿರುವುದು ಯಾರೂ ಹೆದರದ ಕೆಲಸಗಳ ಬಗ್ಗೆ: ಮುಚ್ಚಿದ ಟ್ಯಾಂಕ್, ಎತ್ತರದ ಅಟ್ಟಣಿಗೆ, ‘ಐದೇ ನಿಮಿಷದ ಕೆಲಸ’. ಇವು ಎರಡೂ ಕಡೆ ಇರುತ್ತವೆ.

ನಾನೇ ಕಂಡದ್ದನ್ನು ಹೇಳುತ್ತೇನೆ. ಜುಲೈ ತಿಂಗಳು, ಬೆಳಗಿನಿಂದ ಬಿಡದ ಮಳೆ. ಟ್ಯಾಂಕಿನೊಳಗೆ ಒಂದು ಬೆಸುಗೆ ಬಿಟ್ಟಿತ್ತು. ಅಂಕೋಲೆ ಕಡೆಯ ವೆಲ್ಡರ್ ಮ್ಯಾನ್‌ಹೋಲ್‌ನಿಂದ ಒಳಗಿಳಿದ. ಒಳಗಿಳಿಯಲು ಬೇಕಾದ ಲಿಖಿತ ಅನುಮತಿ, ಪರ್ಮಿಟ್, ನೋಡಲು ಸರಿಯಾಗಿಯೇ ಇತ್ತು. ಆಮ್ಲಜನಕದ ಕಾಲಂನಲ್ಲಿ 20.9 ಎಂದು ಬರೆದಿತ್ತು. ಅದು ಹೊರಗಿನ ಶುದ್ಧ ಗಾಳಿಯ ಅಂಕಿ. ಸಾರಜನಕದ ಕೊಳವೆಯ ವಾಲ್ವ್ ಮುಚ್ಚಿದ್ದರು, ಆದರೆ ಕೊಳವೆಯನ್ನು ಪೂರ್ತಿ ಮುಚ್ಚುವ ತಗಡು, ಬ್ಲೈಂಡ್, ಹಾಕಿರಲಿಲ್ಲ; ವಾಲ್ವ್ ಸಣ್ಣಗೆ ಸೋರುತ್ತಿತ್ತು. ಸಾರಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರುಗಟ್ಟಿದಂತೆಯೂ ಅನಿಸುವುದಿಲ್ಲ, ಏಕೆಂದರೆ ಹಾಗೆ ಅನಿಸುವುದು ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ. ಆತ ಕೂಗಲಿಲ್ಲ. ಒಳಗೆ ಸುತ್ತಿಗೆ ಬಿದ್ದ ಸದ್ದು ಕೇಳಿತು, ಅಷ್ಟೇ.

ಹೊರಗಿದ್ದ ಸಹಾಯಕ ಹುಡುಗ ತಲೆ ತೂರಿಸಿ ಇಳಿಯಲು ಹೊರಟ. ಅವನ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಎಳೆದೆ, ಗುಂಡಿ ಕಿತ್ತುಹೋದವು. ವೆಲ್ಡರ್‌ನ ಬೆಲ್ಟಿಗೆ ಹಗ್ಗ ಕಟ್ಟಿದ್ದೆವು. ಮೂವರು ಸೇರಿ ಜಗ್ಗಿ ಮೇಲೆತ್ತಿದೆವು. ಬದುಕಿದ.

ಆಮೇಲೆ ಪರ್ಮಿಟ್ ಕೈಗೆ ತೆಗೆದುಕೊಂಡೆ. ಆ ಮಳೆಯಲ್ಲಿ ನಾವೆಲ್ಲ ತೊಯ್ದು ತೊಪ್ಪೆಯಾಗಿದ್ದೆವು, ಕಾಗದ ಮಾತ್ರ ಗರಿಗರಿಯಾಗಿತ್ತು. ಅದು ಕಚೇರಿಯ ಮೇಜು ಬಿಟ್ಟು ಹೊರಗೆ ಬಂದೇ ಇರಲಿಲ್ಲ. ಮೀಟರ್ ಟ್ಯಾಂಕಿನ ಬಳಿ ಹೋಗಿರಲಿಲ್ಲ. ಮತ್ತು ಕೆಳಗಿದ್ದ ಎರಡು ಸಹಿಗಳಲ್ಲಿ ಒಂದು ನನ್ನದು. ಅಂದಿನಿಂದ ನಿವೃತ್ತಿಯವರೆಗೆ ಮ್ಯಾನ್‌ಹೋಲ್ ಪಕ್ಕದಲ್ಲಿ ನಿಂತು, ಮೀಟರ್ ಕಣ್ಣಾರೆ ನೋಡದೆ ನಾನು ಸಹಿ ಹಾಕಲಿಲ್ಲ.

ಆ ಹುಡುಗನನ್ನು ಎಳೆದ ಮಾತನ್ನು ಸುಮ್ಮನೆ ಬರೆದದ್ದಲ್ಲ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜ್ಪೆ ಬಳಿಯ ಮೀನು ಸಂಸ್ಕರಣಾ ಘಟಕದಲ್ಲಿ ತ್ಯಾಜ್ಯದ ತೊಟ್ಟಿಯಲ್ಲಿ ಒಬ್ಬ ಬಿದ್ದ, ಅವನನ್ನು ಎತ್ತಲು ಉಳಿದವರು ಇಳಿದರು, ಐವರು ತೀರಿಕೊಂಡರು. ಕೊಳೆತ ಮೀನಿನ ಅನಿಲ ಅಂಥದ್ದು. ಗೆಳೆಯ ಬಿದ್ದಾಗ ಒಳಗೆ ಹಾರದಿರುವುದು ಬಹಳ ಕಷ್ಟ, ಅದನ್ನು ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿರಬೇಕು.

1948ರ ಕಾರ್ಖಾನೆ ಕಾಯ್ದೆಯ 36ನೇ ಕಲಂ ಇದನ್ನೇ ಹೇಳುತ್ತಿತ್ತು: ಒಳಗೆ ಅಪಾಯದ ಅನಿಲವಿಲ್ಲ ಎಂದು ಬಲ್ಲವರು ಪರೀಕ್ಷಿಸಿ ಬರೆದುಕೊಡಬೇಕು, ಇಲ್ಲವಾದರೆ ಉಸಿರಾಟದ ಸಾಧನ ಮತ್ತು ಬೆಲ್ಟ್ ಬೇಕು, ಹಗ್ಗದ ತುದಿ ಹೊರಗೆ ನಿಂತವನ ಕೈಯಲ್ಲಿರಬೇಕು. ಭೋಪಾಲ್ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ, ಅಪಾಯ ಕಂಡ ಕಾರ್ಮಿಕ ಅದನ್ನು ಮೇಲಿನವರ ಗಮನಕ್ಕೆ ತರುವ ಹಕ್ಕು ಸೇರಿತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯದ ಹೊಸ ಸಂಹಿತೆ ಬಂದಿದೆ; ಈ ಹಕ್ಕು ಅದರಲ್ಲೂ ಇದೆ. ಅಣುಸ್ಥಾವರಗಳನ್ನು ನೋಡಿಕೊಳ್ಳುವುದು 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಉಳಿದ ಕಾರ್ಖಾನೆಗಳನ್ನು ರಾಜ್ಯದ ಕಾರ್ಖಾನೆಗಳ ಇಲಾಖೆ. ಮಂಡಳಿಗೆ ಸಾಕಷ್ಟು ಸ್ವಾತಂತ್ರ್ಯವಿಲ್ಲ ಎಂದು 2012ರಲ್ಲಿ ಮಹಾಲೇಖಪಾಲರು ಆಕ್ಷೇಪಿಸಿದ್ದರು. ಅದು ನ್ಯಾಯವಾದ ಆಕ್ಷೇಪ. ಆದರೆ ಯಾವ ಇನ್‌ಸ್ಪೆಕ್ಟರೂ ಪ್ರತಿದಿನ ನಿಮ್ಮ ಟ್ಯಾಂಕಿನ ಬಳಿ ನಿಲ್ಲುವುದಿಲ್ಲ.

ಆದ್ದರಿಂದ ಸಂಬಳದ ಮಾತು ಮುಗಿದ ಮೇಲೆ ಎರಡೂ ಕಡೆ ಇಷ್ಟು ಕೇಳಿ. ಟ್ಯಾಂಕಿಗೆ ಇಳಿಯುವ ಪರ್ಮಿಟ್‌ಗೆ ಯಾರು, ಎಲ್ಲಿ ನಿಂತು ಸಹಿ ಹಾಕುತ್ತಾರೆ? ಗುತ್ತಿಗೆಯವರಿಗೂ ಖಾಯಂ ನೌಕರರಿಗೆ ಕೊಡುವಂಥದ್ದೇ ಬೆಲ್ಟ್, ಅದೇ ತರಬೇತಿ ಇದೆಯೇ? ಕೆಲಸ ನಿಲ್ಲಿಸಿ ಎಂದವನಿಗೆ ಆ ದಿನದ ಕೂಲಿ ಸಿಗುತ್ತದೆಯೇ? ಕೊನೆಯದನ್ನು ಮ್ಯಾನೇಜರ್‌ಗಿಂತ ಕ್ಯಾಂಟೀನಿನಲ್ಲಿ ಹಳೆಯ ಗುತ್ತಿಗೆ ಕಾರ್ಮಿಕರ ಬಳಿ ಕೇಳಿ, ಅವರ ಉತ್ತರವನ್ನೇ ನಂಬಿ. ಕೈಗಾಕ್ಕೆ ಹೋಗುವುದಾದರೆ ನಿಮ್ಮ ಹೆಸರಿನ ಡೋಸ್ (ಮೈಗೆ ತಗಲಿದ ವಿಕಿರಣದ) ದಾಖಲೆಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಗುತ್ತಿಗೆದಾರ ಬದಲಾದರೂ ಆ ಲೆಕ್ಕ ಮುರಿಯಬಾರದು.

ಎರಡು ಕಡೆಯ ಉತ್ತರ ಸಿಕ್ಕ ಮೇಲೆ ಇಲ್ಲಿಯೇ ಬರೆಯಿರಿ. ಓದಿ, ಯಾವ ಕಡೆಗೆ ಹೋಗಬಹುದು ಎಂದು ನನಗೆ ತೋಚಿದ್ದನ್ನು ಹೇಳುತ್ತೇನೆ.