ಅಕ್ಷರಕ್ಕೆ ಮೊದಲು ಅಂಗಿಯ ಗುಂಡಿ

ಕಿಂಡರ್‌ಗಾರ್ಟನ್ ಸೇರಲಿರುವ ಮಕ್ಕಳ ಸಿದ್ಧತೆಯ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡವರೇ ಹೆಚ್ಚಾದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ ಎರಡು ತಿಂಗಳು. ಮುಂದಿನ ವರ್ಷ ಕೆಜಿಗೆ ಸೇರಿಸಬೇಕು. ಅವಳ ಪ್ರಿಸ್ಕೂಲಿನಲ್ಲಿ ಇಡೀ ಹೊತ್ತು ಆಟ, ಹಾಡು, ಕಥೆ. ಬೇರೆ ಕಡೆ ಹೋಗುವ ನನ್ನ ಅಕ್ಕನ ಮಗ, ಇವಳದೇ ವಯಸ್ಸಿನವನು, ಆಗಲೇ ಅಕ್ಷರ ಬರೆಯುತ್ತಾನೆ, ನೂರರವರೆಗೆ ಎಣಿಸುತ್ತಾನೆ. ನನ್ನ ಮಗಳ ಕೈಗೆ ಪೆನ್ಸಿಲ್ ಕೊಟ್ಟರೆ ಕೈ ನೋಯುತ್ತದೆ ಎನ್ನುತ್ತಾಳೆ. ಪ್ರಿಸ್ಕೂಲ್ ಬದಲಾಯಿಸಲೇ?

ಉತ್ತರ: ಬದಲಾಯಿಸಬೇಡಿ. ಕೈ ನೋಯುತ್ತದೆ ಎಂದು ಅವಳು ಹೇಳುತ್ತಿರುವುದನ್ನು ನೆಪವೆಂದು ತಳ್ಳಿಹಾಕಲೂ ಬೇಡಿ. ಮಣಿಕಟ್ಟಿನ ಪುಟ್ಟ ಮೂಳೆಗಳು ನಾಲ್ಕನೆಯ ವಯಸ್ಸಿನಲ್ಲಿ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಅವು ಒಂದೊಂದಾಗಿ ಮೂಳೆಯಾಗುತ್ತ ಬರಲು ಇನ್ನೂ ಹಲವು ವರ್ಷ ಬೇಕು. ಬೆರಳುಗಳ ಸ್ನಾಯುಗಳಿಗೂ ಆಗ ಹಿಡಿತ ಬರುತ್ತಿರುತ್ತದೆ ಅಷ್ಟೆ. ನೋಡಿ ಬರೆಯುವ ವಿಷಯದಲ್ಲಿ ಸಾಮಾನ್ಯವಾಗಿ ಮಗು ಮೂರರ ಸುಮಾರಿಗೆ ವೃತ್ತ, ನಾಲ್ಕರ ಸುಮಾರಿಗೆ ಕೂಡಿಸುವ ಚಿಹ್ನೆ, ಐದರ ಸುಮಾರಿಗೆ ತ್ರಿಕೋನ ಬರೆಯುತ್ತದೆ. ತ್ರಿಕೋನದ ಓರೆಗೆರೆಯೇ ಇನ್ನೂ ಒದಗದ ಕೈಗೆ, ಸುತ್ತು, ಕೊಂಬು, ಒತ್ತು ಎಲ್ಲವೂ ಇರುವ ಲಿಪಿಯನ್ನು ಸಾಲು ಸಾಲಾಗಿ ಬರೆಸಿದರೆ ಕೈ ನೋಯದೆ ಇನ್ನೇನಾದೀತು? ಕೆಲವು ಮಕ್ಕಳು ಬೇಗ ಬರೆಯುತ್ತಾರೆ, ನಿಜ. ಅದು ಆ ಮಗುವಿನ ಕೈಯ ಸುದ್ದಿಯೇ ಹೊರತು ನಿಮ್ಮ ಮಗಳ ಕೈಯದಲ್ಲ.

ಪೆನ್ಸಿಲ್ ಹಿಡಿಯುವ ಬೆರಳುಗಳನ್ನು ಪೆನ್ಸಿಲ್ಲೇ ತಯಾರು ಮಾಡಬೇಕೆಂದಿಲ್ಲ. ಮಗು ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಎಡಗೈ ಕಾಜನ್ನು ಎಳೆದು ಹಿಡಿಯಬೇಕು, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಗುಂಡಿಯನ್ನು ಓರೆ ಮಾಡಿ ತೂರಿಸಬೇಕು, ಅರ್ಧ ತೂರಿದ ಗುಂಡಿಯನ್ನು ಈಚೆಯಿಂದ ಎಡಗೈ ಹಿಡಿದು ಎಳೆದುಕೊಳ್ಳಬೇಕು. ಎರಡು ಕೈಗೂ ಬೇರೆ ಬೇರೆ ಕೆಲಸ, ಕಣ್ಣು ಎರಡರ ಮೇಲೂ. ಮೊದಮೊದಲು ನಾಲ್ಕು ಗುಂಡಿಗೆ ಹತ್ತು ನಿಮಿಷ ಹಿಡಿಯುತ್ತದೆ, ಕೊನೆಯ ಗುಂಡಿಗೆ ಕಾಜೇ ಉಳಿದಿರುವುದಿಲ್ಲ. ನಾವು ಅವಸರದಲ್ಲಿ ಕೈ ಹಾಕುವುದು ಆಗಲೇ. ನನ್ನನ್ನು ಕೇಳಿದರೆ, ಬರೆಯುವ ಪಾಠದ ಮೊದಲ ಪುಟ ಆ ಗುಂಡಿಯೇ. ಕಾಗದ ಹರಿಯುವುದು, ಜೇಡಿಮಣ್ಣು ಮಿದಿಯುವುದು, ಬಟ್ಟೆಗೆ ಕ್ಲಿಪ್ ಹಾಕುವುದು, ಡಬ್ಬಿಯ ಮುಚ್ಚಳ ತಿರುಗಿಸುವುದು ಇವೆಲ್ಲ ಅದೇ ಪಾಠದ ಮುಂದಿನ ಪುಟಗಳು.

ನೂರರವರೆಗೆ ಎಣಿಸುವುದರ ಬಗ್ಗೆಯೂ ಒಂದು ಮಾತು. ಹೀಗೆ ಎಣಿಸುವ ಮಗುವಿಗೆ ಒಮ್ಮೆ ‘ಐದು ಚಮಚ ತೆಗೆದುಕೊಂಡು ಬಾ’ ಎಂದು ಹೇಳಿ ನೋಡಿ. ಹಲವು ಮಕ್ಕಳು ಹಿಡಿಯಷ್ಟು ಚಮಚ ತಂದು ಮುಂದಿಡುತ್ತವೆ. ಅಂಕಿಗಳ ಹೆಸರನ್ನು ಹಾಡಿನಂತೆ ಒಪ್ಪಿಸುವುದು ಒಂದು ವಿದ್ಯೆ. ಎಣಿಸುತ್ತ ಹೋಗಿ ಕೊನೆಯಲ್ಲಿ ಹೇಳಿದ ಅಂಕಿಯೇ ಒಟ್ಟು ಲೆಕ್ಕ ಎಂದು ತಿಳಿಯುವುದು ಬೇರೆ ವಿದ್ಯೆ. ಕೆಜಿಯಲ್ಲಿ ಬೇಕಾಗುವುದು ಎರಡನೆಯದು. ಊಟಕ್ಕೆ ಎಷ್ಟು ಜನರಿದ್ದೇವೆ, ಎಷ್ಟು ತಟ್ಟೆ ಬೇಕು ಎಂಬ ದಿನದಿನದ ಪ್ರಶ್ನೆಯಲ್ಲೇ ಅದು ಕೂಡಿಬರುತ್ತದೆ.

ಆಟವೇ ಪಾಠವೆಂಬುದು ನಿಮ್ಮ ಪ್ರಿಸ್ಕೂಲಿನವರು ಹೊಸದಾಗಿ ಕಂಡುಕೊಂಡ ಮಾತೂ ಅಲ್ಲ. ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬರ್ಗ್‌ನಲ್ಲಿ ಚಿಕ್ಕ ಮಕ್ಕಳಿಗಾಗಿ ಸಂಸ್ಥೆ ತೆರೆದು, 1840ರಲ್ಲಿ ಅದನ್ನು ‘ಮಕ್ಕಳ ತೋಟ’ ಎಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಿನಿಂದ ಕರೆದಾಗ, ಅಲ್ಲಿ ಮಕ್ಕಳ ಕೈಗೆ ಕೊಟ್ಟದ್ದು ನೂಲಿನ ಚೆಂಡು, ಮರದ ಗೋಳ ಮತ್ತು ಘನಾಕೃತಿಗಳು. ಅದರ ಹೆಸರನ್ನು ಉಳಿಸಿಕೊಂಡು ತೋಟವನ್ನು ಮಾತ್ರ ಬಿಟ್ಟವರು ನಾವು.

ಹಾಗೆಂದು ಬರೀ ಆಟವೆಂದು ಹೇಳಿಕೊಳ್ಳುವ ಎಲ್ಲ ಕಡೆಯೂ ಒಳ್ಳೆಯದೇ ನಡೆಯುತ್ತಿರುತ್ತದೆ ಎಂದೇನೂ ಅಲ್ಲ. ಅರ್ಧ ಗಂಟೆ ಅಲ್ಲಿ ಕುಳಿತು ನೋಡಿ ಬನ್ನಿ. ಶಿಕ್ಷಕಿ ಮಕ್ಕಳೊಡನೆ ಮಾತನಾಡುತ್ತಾರೆಯೇ, ಮಕ್ಕಳಿಗೆ ಬರೀ ಮಾತು ಹೇಳುತ್ತಾರೆಯೇ, ಮಗು ಏನನ್ನೋ ಹೇಳತೊಡಗಿದಾಗ ಅದು ಮುಗಿಯುವವರೆಗೆ ಕಾಯುತ್ತಾರೆಯೇ ಎಂಬುದನ್ನು ಗಮನಿಸಿದರೆ ಸಾಕು.

ಪ್ರಶ್ನೆ: ಮಗನಿಗೆ ಮೂರು ವರ್ಷ ಎಂಟು ತಿಂಗಳು. ಪ್ರಿಸ್ಕೂಲಿಗೆ ಸೇರಿಸಿ ಮೂರು ವಾರವಾಯಿತು. ದಿನವೂ ಬಾಗಿಲಲ್ಲಿ ನನ್ನ ಕಾಲು ತಬ್ಬಿಕೊಂಡು ಅಳುತ್ತಾನೆ. ಅವನು ಆಟದಲ್ಲಿ ಮೈಮರೆತಾಗ ಹೇಳದೆ ಬಂದುಬಿಡು ಎಂದು ಮನೆಯ ಹಿರಿಯರು ಹೇಳುತ್ತಾರೆ. ತಂದೆಯಾಗಿ ನನಗೆ ಅದು ಮೋಸವೆನ್ನಿಸುತ್ತದೆ.

ಉತ್ತರ: ನಿಮಗೆ ಅನ್ನಿಸಿದ್ದೇ ಸರಿ. ಹಿರಿಯರು ಮಗುವಿನ ಅಳು ನೋಡಲಾರದೆ ಹೇಳುತ್ತಿದ್ದಾರೆ, ಅವರ ಮೇಲೆ ಬೇಸರ ಬೇಡ. ಆದರೆ ಆ ಉಪಾಯದ ಬೆಲೆಯನ್ನು ಮರುದಿನ ಮಗು ತೆರಬೇಕಾಗುತ್ತದೆ. ತಾನು ಆಟದಲ್ಲಿ ಮೈಮರೆತರೆ ಅಪ್ಪ ಮಾಯವಾಗುತ್ತಾನೆ ಎಂದು ಒಮ್ಮೆ ಕಲಿತ ಮಗು ಮುಂದೆ ಆಟದ ಸಾಮಾನಿಗೆ ಬೆನ್ನು ಹಾಕಿ ಬಾಗಿಲನ್ನೇ ಕಾಯುತ್ತ ನಿಲ್ಲುತ್ತದೆ.

ಬೀಳ್ಕೊಡುಗೆ ಚಿಕ್ಕದಾಗಿರಲಿ, ದಿನವೂ ಒಂದೇ ರೀತಿಯದಾಗಿರಲಿ. ಒಂದು ಅಪ್ಪುಗೆ, ಒಂದು ಮಾತು, ಕೈಬೀಸಿ ಹೊರಡುವುದು, ಅಷ್ಟೆ. ಹೊರಟವರು ಅಳು ಕೇಳಿ ತಿರುಗಿ ಬಂದರೆ, ಇನ್ನಷ್ಟು ಜೋರಾಗಿ ಅತ್ತರೆ ಇನ್ನಷ್ಟು ಹೊತ್ತು ಸಿಗುತ್ತದೆ ಎಂಬ ಲೆಕ್ಕವನ್ನು ನಾವೇ ಕಲಿಸಿದಂತಾಗುತ್ತದೆ. ಮತ್ತೆ ಯಾವಾಗ ಬರುತ್ತೀರಿ ಎಂಬುದನ್ನು ಅವನ ಗಡಿಯಾರದಲ್ಲಿ ಹೇಳಿ. ಹನ್ನೆರಡೂವರೆ ಎಂಬುದು ಅವನಿಗೆ ಬರೀ ಶಬ್ದ. ‘ಕಥೆ ಮುಗಿದು ಎಲ್ಲರೂ ಚಪ್ಪಲಿ ಹಾಕಿಕೊಳ್ಳುವಾಗ ನಾನು ಇಲ್ಲೇ ನಿಂತಿರುತ್ತೇನೆ’ ಎಂದರೆ ಅರ್ಥವಾಗುತ್ತದೆ. ಹೇಳಿದ ಮೇಲೆ ಚಪ್ಪಲಿಯ ಹೊತ್ತಿಗೆ ಅಲ್ಲಿರಲೇಬೇಕು. ನಿಮ್ಮ ಕರವಸ್ತ್ರವೊಂದನ್ನು ಅವನ ಜೇಬಿನಲ್ಲಿಟ್ಟು ಕಳಿಸಿದರೂ ಆದೀತು.

ನೀವು ಮರೆಯಾದ ಮೇಲೆ ಅಳು ಎಷ್ಟು ಹೊತ್ತು ಇರುತ್ತದೆ ಎಂದು ಶಿಕ್ಷಕಿಯನ್ನು ಕೇಳಿ. ಕೆಲವೇ ನಿಮಿಷವಾದರೆ ಅದು ಬಾಗಿಲಿನ ಅಳು, ವಾರಗಳಲ್ಲಿ ಇಳಿಯುತ್ತದೆ. ಬೆಳಿಗ್ಗೆಯೆಲ್ಲ ಅಳು, ಊಟ ಬೇಡ, ರಾತ್ರಿ ಬೆಚ್ಚಿಬೀಳುವುದು ಎಂದಾದರೆ ಶಿಕ್ಷಕಿಯೊಡನೆಯೂ ಮಕ್ಕಳ ವೈದ್ಯರೊಡನೆಯೂ ಮಾತನಾಡಬೇಕು. ಅವನ ನಿದ್ದೆಯನ್ನೂ ಒಮ್ಮೆ ಲೆಕ್ಕ ಹಾಕಿ. ಮೂರರಿಂದ ಐದು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮಗುವಿಗೆ ಯಾವ ಬಾಗಿಲೂ ದೊಡ್ಡದೇ.

ಪ್ರಶ್ನೆ: ನಾವಿಬ್ಬರೂ ಪಾಳಿಯ ಕೆಲಸದವರು. ಪ್ರಿಸ್ಕೂಲಿನ ಶುಲ್ಕ ನಮ್ಮ ಕೈಗೆ ಎಟುಕುವುದಿಲ್ಲ. ನಾಲ್ಕು ವರ್ಷದ ಮಗ ನನ್ನ ಅತ್ತೆಯವರ ಜೊತೆ ಮನೆಯಲ್ಲೇ ಇರುತ್ತಾನೆ. ಅವರಿಗೆ ಓದು ಬರಹ ಬರುವುದಿಲ್ಲ. ನೇರವಾಗಿ ಕೆಜಿಗೆ ಕಳಿಸಿದರೆ ಅವನು ಹಿಂದೆ ಬೀಳುವುದಿಲ್ಲವೇ?

ಉತ್ತರ: ಪ್ರಿಸ್ಕೂಲಿನಿಂದ ಪ್ರಯೋಜನವಿಲ್ಲವೆಂದು ಹೇಳಿ ನಿಮ್ಮನ್ನು ಸಮಾಧಾನಪಡಿಸಲಾರೆ, ಒಳ್ಳೆಯ ಪ್ರಿಸ್ಕೂಲಿನಿಂದ ಪ್ರಯೋಜನವಿದೆ. ಆದರೆ ಆ ಪ್ರಯೋಜನ ಎಲ್ಲಿಂದ ಬಂತೆಂದು ನೋಡಿದರೆ ನಿಮಗೆ ಧೈರ್ಯ ಬಂದೀತು. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಲ್ಲಿ ಆರಂಭವಾದ ಪೆರ್ರಿ ಪ್ರಿಸ್ಕೂಲ್ ಅಧ್ಯಯನದಲ್ಲಿ ಬಡ ಕುಟುಂಬಗಳ 123 ಮಕ್ಕಳಿದ್ದರು. ಅವರಲ್ಲಿ 58 ಮಕ್ಕಳಿಗೆ ಪ್ರಿಸ್ಕೂಲ್ ದೊರೆಯಿತು, ಉಳಿದವರಿಗೆ ಇಲ್ಲ. ಮೊದಲು ಕಂಡ ಬುದ್ಧಿಮತ್ತೆಯ ಅಂಕಗಳ ಅಂತರ ಕೆಲವು ವರ್ಷಗಳಲ್ಲೇ ಕರಗಿಹೋಯಿತು. ಆದರೂ ಇವರನ್ನು ನಲವತ್ತನೆಯ ವಯಸ್ಸಿನವರೆಗೆ ಹಿಂಬಾಲಿಸಿ ನೋಡಿದಾಗ, ಪ್ರಿಸ್ಕೂಲಿಗೆ ಹೋದವರಲ್ಲಿ ಪ್ರೌಢಶಾಲೆ ಮುಗಿಸಿದವರು ಹೆಚ್ಚು, ಗಳಿಕೆ ಹೆಚ್ಚು, ಬಂಧನಕ್ಕೆ ಒಳಗಾದವರು ಕಡಿಮೆ. ಇದು ಚಿಕ್ಕ ಅಧ್ಯಯನ, ಇದನ್ನೇ ಎಲ್ಲ ಮಕ್ಕಳಿಗೂ ಅನ್ವಯಿಸಲಾಗದು ಎಂಬುದನ್ನು ಬಲ್ಲೆ. ನನ್ನ ಕಣ್ಣು ಹೋಗುವುದು ಅಲ್ಲಿನ ಇನ್ನೊಂದು ಏರ್ಪಾಡಿನ ಕಡೆಗೆ: ಬೆಳಗಿನ ಎರಡೂವರೆ ಗಂಟೆಯ ತರಗತಿಯಲ್ಲದೆ, ಶಿಕ್ಷಕಿಯರು ವಾರಕ್ಕೊಮ್ಮೆ ಒಂದೂವರೆ ಗಂಟೆ ಮಗುವಿನ ಮನೆಗೇ ಹೋಗಿ ತಾಯಿಯ ಜೊತೆ ಕುಳಿತು ಕೆಲಸ ಮಾಡುತ್ತಿದ್ದರು. ಮನೆಯನ್ನು ಬಿಟ್ಟು ಮಗುವನ್ನು ತಯಾರು ಮಾಡಲಾಗದೆಂದು ಅವರಿಗೆ ಆಗಲೇ ಗೊತ್ತಿತ್ತು.

ಈಗ ನಿಮ್ಮ ಅತ್ತೆಯವರ ಮಾತು. ಅವರಿಗೆ ಅಕ್ಷರ ಬಾರದಿರುವುದು ಕೊರತೆಯೆಂದು ನೀವು ಬರೆದಿದ್ದೀರಿ. ನಾಲ್ಕು ವರ್ಷದ ಮಗುವಿಗೆ ಬೇಕಾದದ್ದು ಅಕ್ಷರ ಬಲ್ಲವರಿಗಿಂತ ಹೆಚ್ಚಾಗಿ ಬಿಡುವಿರುವವರು, ಕಥೆ ಇರುವವರು. ಚಿತ್ರದ ಪುಸ್ತಕವನ್ನು ಓದಲೇಬೇಕೆಂದಿಲ್ಲ. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಂದೆತಾಯಿಗಳಿಗೆ ಕಲಿಸಿದ್ದು ಇಷ್ಟೇ: ಪುಸ್ತಕವನ್ನು ಓದಿ ಹೇಳುವುದರ ಬದಲು ಅದರ ಬಗ್ಗೆ ಮಗುವಿನ ಬಾಯಲ್ಲೇ ಹೇಳಿಸುವುದು, ಕೇಳುವುದು, ಮಗು ಹೇಳಿದ್ದಕ್ಕೆ ಎರಡು ಮಾತು ಕೂಡಿಸಿ ಮರಳಿಸುವುದು. ಒಂದೇ ತಿಂಗಳಿನಲ್ಲಿ ಆ ಮಕ್ಕಳ ಮಾತು ಉಳಿದವರಿಗಿಂತ ಮುಂದಿತ್ತು. ‘ನಾಯಿ ಓಡ್ತಿದೆ’ ಎಂದು ಮೊಮ್ಮಗ ಹೇಳಿದಾಗ ‘ಹೌದು ಕಂದ, ಬಾಲ ಮುದುರಿಕೊಂಡು ಓಡ್ತಿದೆ, ಯಾರಿಗೆ ಹೆದರಿತೋ?’ ಎಂದು ಅಜ್ಜಿ ಕೇಳುತ್ತಾರಲ್ಲ, ಅದೇ ಆ ಪದ್ಧತಿ. ಅವರು ತಮ್ಮ ಮನೆಮಾತಿನಲ್ಲೇ ಮಾತನಾಡಲಿ, ಶಾಲೆಯ ಭಾಷೆ ಬೇರೆಯಾದರೂ ಸರಿ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ನಿಂತ ಮಗು ಇನ್ನೊಂದಕ್ಕೆ ಕೈ ಚಾಚುವುದು ಸುಲಭ.

ಆದರೆ ಅಜ್ಜಿ ಕೊಡಲಾಗದ್ದು ಒಂದಿದೆ. ಮನೆಯಲ್ಲಿ ಅವನೊಬ್ಬನೇ ರಾಜ. ಕೆಜಿಯಲ್ಲಿ ಒಂದು ಕೆಂಪು ಬಣ್ಣದ ಕಡ್ಡಿಗೆ ಆರು ಜನ ಕೈಚಾಚುತ್ತಾರೆ. ತನ್ನ ಸರದಿಗೆ ಕಾಯುವುದು, ಮನೆಯವರಲ್ಲದ ದೊಡ್ಡವರು ಎಲ್ಲರಿಗೂ ಸೇರಿಸಿ ಹೇಳಿದ ಮಾತು ತನಗೂ ಸೇರಿದೆ ಎಂದು ತಿಳಿಯುವುದು ಸರೀಕರ ನಡುವೆಯೇ ಬರಬೇಕು. ವಾರಕ್ಕೆ ಎರಡು ಮೂರು ದಿನ ಅಕ್ಕಪಕ್ಕದ ಮಕ್ಕಳೊಡನೆ ಆಡಲು ಬಿಡಿ, ಜಗಳವಾದರೆ ತಕ್ಷಣ ನಡುವೆ ಬರಬೇಡಿ. ನಿಲ್ಲು ಎಂದಾಗ ನಿಲ್ಲುವ, ತಲೆ ಎಂದಾಗ ಕಾಲು ಮುಟ್ಟುವ ತಿರುಗಾಮುರುಗಾ ಆಟಗಳು ಮನಸ್ಸಿಗೆ ಕಡಿವಾಣ ಹಾಕಿಕೊಳ್ಳುವುದನ್ನು ನಗುನಗುತ್ತಲೇ ಕಲಿಸುತ್ತವೆ. ಅತ್ತೆಯವರಿಗೆ ಆಯಾಸವಾದಾಗ ಮೊಬೈಲ್ ಕೈಗೆ ಹೋಗುತ್ತದೆಂದು ಊಹಿಸಬಲ್ಲೆ. ಈ ವಯಸ್ಸಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಪ್ರಶ್ನೆ: ನನ್ನ ಮೊಮ್ಮಗಳು ಕೆಜಿಗೆ ಸೇರಿದರೆ ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವಳಾಗುತ್ತಾಳೆ. ಒಂದು ವರ್ಷ ತಡೆಯೋಣ ಎಂದು ನಾನು, ಬೇಡ ಎಂದು ಮಗ ಮತ್ತು ಸೊಸೆ. ಯಾರು ಸರಿ?

ಉತ್ತರ: ನಿಮ್ಮ ಆತಂಕ ಪೊಳ್ಳಲ್ಲ, ಹಿರಿಯರೇ. ಒಂದೇ ತರಗತಿಯ ಅತಿ ದೊಡ್ಡ ಮಗುವಿಗೂ ಅತಿ ಚಿಕ್ಕ ಮಗುವಿಗೂ ನಡುವೆ ಹನ್ನೊಂದು ತಿಂಗಳ ಅಂತರವಿರಬಹುದು, ಐದು ವರ್ಷದ ಮಗುವಿಗೆ ಅದು ಆಯುಷ್ಯದ ಐದನೆಯ ಒಂದು ಭಾಗದಷ್ಟು. ತರಗತಿಯಲ್ಲಿ ಅತಿ ಚಿಕ್ಕವರಾದ ಮಕ್ಕಳಿಗೆ ಏಕಾಗ್ರತೆಯ ತೊಂದರೆಯಿದೆಯೆಂಬ ಹಣೆಪಟ್ಟಿ ಹೆಚ್ಚಾಗಿ ಬೀಳುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಬರೀ ಚಿಕ್ಕತನವನ್ನು ಕಾಯಿಲೆಯೆಂದು ತಪ್ಪಾಗಿ ಓದಿದ್ದಕ್ಕೂ ಅದರಲ್ಲಿ ಪಾಲಿರಬಹುದು. ಶಾಲೆಗೆ ಸರಿಯಾದ ವಯಸ್ಸು ಯಾವುದೆಂಬುದರಲ್ಲೂ ಜಗತ್ತಿಗೆ ಒಮ್ಮತವಿಲ್ಲ. ಇಂಗ್ಲೆಂಡಿನಲ್ಲಿ ಐದು ತುಂಬಿದ ಮೇಲೆ ಶಿಕ್ಷಣ ಕಡ್ಡಾಯ, ಫಿನ್ಲೆಂಡಿನಲ್ಲಿ ಮಕ್ಕಳು ಒಂದನೆಯ ತರಗತಿಗೆ ಹೋಗುವುದೇ ಏಳನೆಯ ವರ್ಷದಲ್ಲಿ. ಆದರೆ ತಿಂಗಳ ಅಂತರ ಮುಂದಿನ ತರಗತಿಗಳಲ್ಲಿ ಕಿರಿದಾಗುತ್ತ ಬರುತ್ತದೆ. ಬರೀ ತಿಂಗಳ ಲೆಕ್ಕಕ್ಕಾಗಿ ತಡೆಯುವುದನ್ನು ನಾನು ಒಪ್ಪುವುದಿಲ್ಲ. ತಡೆದರೆ ಆ ಒಂದು ವರ್ಷ ಅವಳು ಏನು ಮಾಡುತ್ತಾಳೆ ಎಂದು ಮೂವರೂ ಕುಳಿತು ಯೋಚಿಸಿ. ಒಳ್ಳೆಯ ಪ್ರಿಸ್ಕೂಲಿನಲ್ಲಿ ಇನ್ನೊಂದು ವರ್ಷ ಎಂದಾದರೆ ನಿಮ್ಮ ಮಾತಿಗೆ ತೂಕವಿದೆ. ಮನೆಯಲ್ಲಿ ಟಿವಿಯ ಮುಂದೆ ಎಂದಾದರೆ ಮಗ ಸೊಸೆಯದೇ ಸರಿ. ಕಳಿಸಿದರೆ ಅವಳ ಹುಟ್ಟಿದ ತಿಂಗಳನ್ನು ಶಿಕ್ಷಕಿಗೆ ಮೊದಲ ದಿನವೇ ಬಾಯಿಬಿಟ್ಟು ಹೇಳಿ. ದಾಖಲೆಯಲ್ಲಿದ್ದರೂ ಗಮನದಲ್ಲಿರುವುದಿಲ್ಲ.

ಪ್ರಶ್ನೆ: ನಾಲ್ಕೂವರೆ ವರ್ಷದ ಮಗಳ ಮಾತು ನಮಗಷ್ಟೇ ತಿಳಿಯುತ್ತದೆ, ಹೊರಗಿನವರಿಗೆ ಅರ್ಧವೂ ತಿಳಿಯುವುದಿಲ್ಲ. ಕೆಜಿಗೆ ಹೋದ ಮೇಲೆ ತಾನೇ ಸರಿಹೋಗುತ್ತದೆ ಎನ್ನುತ್ತಾರೆ.

ಉತ್ತರ: ಕಾಯಬೇಡಿ. ನಾಲ್ಕು ತುಂಬಿದ ಮಗುವಿನ ಮಾತು ಹೊರಗಿನವರಿಗೂ ಬಹುಮಟ್ಟಿಗೆ ತಿಳಿಯಬೇಕು. ಒಂದೆರಡು ಕಷ್ಟದ ಧ್ವನಿ ತೊದಲಿದರೆ ಚಿಂತೆಯಿಲ್ಲ, ಅರ್ಧ ಮಾತೇ ತಿಳಿಯದಿದ್ದರೆ ಪರೀಕ್ಷೆ ಬೇಕು. ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಮತ್ತೆ ಮತ್ತೆ ನೆಗಡಿಯಾಗಿ ಕಿವಿಯೊಳಗೆ ನೀರು ನಿಂತರೂ ಮಗುವಿಗೆ ಮಾತು ಮಸುಕಾಗಿ ಕೇಳುತ್ತದೆ, ಕೇಳಿದಂತೆಯೇ ಅದು ಆಡುತ್ತದೆ. ಆಮೇಲೆ ವಾಕ್ ತಜ್ಞರನ್ನು ಕಾಣಿ. ಅಲ್ಲಿಯವರೆಗೆ ಅವಳು ತಪ್ಪಾಗಿ ಹೇಳಿದ ಪದವನ್ನು ಮತ್ತೆ ಹೇಳಿಸಬೇಡಿ. ಅವಳ ಮಾತಿಗೆ ಉತ್ತರ ಕೊಡುವಾಗ ಅದೇ ಪದವನ್ನು ಸರಿಯಾಗಿ, ನಿಧಾನವಾಗಿ ನೀವು ಬಳಸಿ. ಅವಳು ಏನು ಹೇಳಿದಳೆಂದು ತಿಳಿಯದಿದ್ದಾಗ ತಿಳಿದಂತೆ ತಲೆಯಾಡಿಸಬೇಡಿ. ‘ನನಗೆ ಗೊತ್ತಾಗಲಿಲ್ಲ ಪುಟ್ಟಿ, ತೋರಿಸು’ ಎಂದು ಅವಳ ಜೊತೆ ಎದ್ದು ಹೋಗಿ.