ಡಿಸೈನ್ ಪ್ರಾಜೆಕ್ಟ್‌ನಲ್ಲಿ ಮೊಬೈಲ್ ಮತ್ತು ಹಾಸ್ಯ ಎರಡನ್ನೂ ಸೇರಿಸೋದು ಹೇಗೆ?

ನೀವು ಕೇಳಿರೋದು ಇಷ್ಟು: ಡಿಸೈನ್ ಓದುತ್ತಿದ್ದೀರಿ, ಕೊನೆಯ ವರ್ಷದ ಪ್ರಾಜೆಕ್ಟ್‌ನಲ್ಲಿ ಮೊಬೈಲ್ ತಂತ್ರಜ್ಞಾನ ಮತ್ತು ಹಾಸ್ಯ ಎರಡೂ ಇರಬೇಕು. ದಿನಕ್ಕೊಂದು ಜೋಕ್ ಕಳಿಸೋ ಆ್ಯಪ್ ಮಾಡಿದರೆ ಸಾಕಾ, ಇಲ್ಲ ಬೇರೆ ದಾರಿ ಇದೆಯಾ ಅಂತ.

ದಯವಿಟ್ಟು ಆ ಆ್ಯಪ್ ಮಾಡಬೇಡಿ. ಅದರಲ್ಲಿ ಹಾಸ್ಯ ಜೋಕ್ ಬರೆದವರದ್ದು, ತಂತ್ರಜ್ಞಾನ ಫೋನ್ ಮಾಡಿದವರದ್ದು. ಡಿಸೈನರ್ ಆಗಿ ನಿಮ್ಮದು ಅಂತ ಏನು ಉಳಿಯಿತು? ಅದೇ ಜೋಕನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರೂ ಅಷ್ಟೇ ನಗು ಬರುತ್ತದೆ. ಫೋನನ್ನು ಪಕ್ಕಕ್ಕಿಟ್ಟರೂ ನಗು ಹಾಗೇ ಇರುತ್ತೆ ಅಂದರೆ, ಆ ನಗುವಿಗೂ ಫೋನಿಗೂ ಸಂಬಂಧವೇ ಇಲ್ಲ ಅಂತಾಯ್ತು, ಅಲ್ವಾ? ಫೋನ್ ಜೋಕ್ ಹೇಳೋದು ಬೇಡ. ಫೋನ್ ನಡೆದುಕೊಳ್ಳೋ ರೀತಿಯೇ ನಗು ತರಿಸಬೇಕು.

ಇದು ನನಗೂ ಮೊದಲೇ ಗೊತ್ತಿರಲಿಲ್ಲ. ಇಂಟರಾಕ್ಷನ್ ಡಿಸೈನ್ (ಜನ ಒಂದು ಸಾಧನವನ್ನು ಬಳಸೋ ರೀತಿಯನ್ನು ರೂಪಿಸೋ ವಿಷಯ) ಓದುವಾಗ ನಾನೂ ಹೆಚ್ಚುಕಡಿಮೆ ಇಂಥದ್ದೇ ವಿಷಯ ಹಿಡಿದಿದ್ದೆ. ಮೊದಲ ಮೂರು ವಾರ ಮಾಡಿದ್ದು, ಫೋನ್ ಅಲ್ಲಾಡಿಸಿದರೆ ಒಂದು ಜೋಕ್ ಹೇಳೋ ಆ್ಯಪ್. ನಲವತ್ತು ಜೋಕ್ ರೆಕಾರ್ಡ್ ಮಾಡಿ ತುಂಬಿಸಿದ್ದೆ. ಜನ ಎರಡು ಸಲ ಅಲ್ಲಾಡಿಸಿದರು, ಮರ್ಯಾದೆಗೆ ನಕ್ಕರು, ಫೋನ್ ವಾಪಸ್ ಕೊಟ್ಟರು. ನನ್ನ ಗೈಡ್ ಕೇಳಿದ್ದು ಒಂದೇ ಪ್ರಶ್ನೆ: "ಇದರಲ್ಲಿ ಫೋನಿಗೆ ಏನು ಕೆಲಸ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಒಂದು ವಾರ ಕೋಡ್ ಮುಟ್ಟಲಿಲ್ಲ. ಸುಮ್ನೆ ಜನ ಫೋನ್ ಜೊತೆ ಹೇಗಿರುತ್ತಾರೆ ಅಂತ ನೋಡಿದೆ.

ನೋಡಿದರೆ ತಿಳಿಯುತ್ತೆ, ಜನ ಆಗಲೇ ಫೋನನ್ನು ಒಬ್ಬ ಮನುಷ್ಯನ ಥರ ನೋಡಿಕೊಳ್ಳುತ್ತಿದ್ದಾರೆ. ಹ್ಯಾಂಗ್ ಆದರೆ ಬೈಯುತ್ತಾರೆ. ಕೆಳಗೆ ಬಿದ್ದರೆ ಎತ್ತಿ ಸವರುತ್ತಾರೆ. ಬೇಡದ ಮೆಸೇಜ್ ಬಂದರೆ ಟೇಬಲ್ ಮೇಲೆ ಮುಖ ಕೆಳಗೆ ಮಾಡಿ ಪಟ್ ಅಂತ ಇಡುತ್ತಾರೆ. ಈ ಕೊನೆಯದು ನನಗೆ ಹಿಡಿಸಿತು. ಹಾಗೆ ಬೋರಲು ಹಾಕಿದ ಫೋನಿಗೆ ಬೇಜಾರಾದರೆ? ಅಲ್ಲಿಂದ ಹುಟ್ಟಿದ್ದು ಮುನಿಸಿಕೊಳ್ಳೋ ಫೋನ್. ಬೋರಲು ಹಾಕಿದರೆ ಒಂದು ನಿಟ್ಟುಸಿರು ಬಿಡುತ್ತೆ. ಬಹಳ ಹೊತ್ತಾದ ಮೇಲೆ ಎತ್ತಿಕೊಂಡರೆ ಬೇಕೋ ಬೇಡವೋ ಅನ್ನೋ ಹಾಗೆ ನಿಧಾನಕ್ಕೆ ಸ್ಕ್ರೀನ್ ಬೆಳಗಿಸುತ್ತೆ. ಅಷ್ಟೇ. ಒಂದು ಮಾತೂ ಇಲ್ಲ.

ತಂತ್ರಜ್ಞಾನದ ಮಟ್ಟಿಗೆ ಇದು ತೀರಾ ಸರಳ. ಫೋನ್ ಬೋರಲಾದಾಗ, ಅದರ ಚಲನೆ ಮತ್ತು ವಾಲಿಕೆ ಅಳೆಯೋ ಸೆನ್ಸರ್ ಆದ ಆಕ್ಸೆಲೆರೋಮೀಟರ್‌ನಲ್ಲಿ ಸುಮಾರು 9.8 ಅಂತ ಬರೋ ಗುರುತ್ವದ ಅಂಕಿಯ ಚಿಹ್ನೆ ತಿರುಗುತ್ತೆ, ಪ್ಲಸ್ ಇದ್ದದ್ದು ಮೈನಸ್ ಆಗುತ್ತೆ. ಪರದೆ ಕಡೆ ಇರೋ ಬೆಳಕಿನ ಸೆನ್ಸರ್‌ಗೆ ಕತ್ತಲಾಗುತ್ತೆ. ಎರಡೂ ಒಟ್ಟಿಗೆ ಆದರೆ ಬೋರಲು ಬಿತ್ತು ಅಂತ ಲೆಕ್ಕ.

ಕಷ್ಟ ಇದ್ದದ್ದು ನಿಟ್ಟುಸಿರು ಯಾವಾಗ ಬಿಡಬೇಕು ಅನ್ನೋದರಲ್ಲಿ. ಫೋನ್ ಇಟ್ಟ ತಕ್ಷಣ ಬಿಟ್ಟರೆ ಅದು ಕೀ ಒತ್ತಿದಾಗ ಬರೋ ಬೀಪ್ ಥರ ಕೇಳುತ್ತಿತ್ತು. ಯಾರೂ ನಗಲಿಲ್ಲ. ಎರಡು ಸೆಕೆಂಡ್ ಬಿಟ್ಟು ಬಂದರೆ ಅಷ್ಟರಲ್ಲಿ ಜನ ಬೇರೆ ಮಾತಿಗೆ ಹೋಗಿರುತ್ತಿದ್ದರು, ಸದ್ದು ಎಲ್ಲಿಂದ ಬಂತು ಅಂತ ಸುತ್ತಮುತ್ತ ನೋಡುತ್ತಿದ್ದರು. ನೂರು ನೂರು ಮಿಲಿಸೆಕೆಂಡ್ ಹೆಚ್ಚು ಕಡಿಮೆ ಮಾಡುತ್ತಾ ಹೋದೆ. 700ರ ಆಸುಪಾಸಿನಲ್ಲಿ ಟೇಬಲ್ ಪೂರ್ತಿ ನಕ್ಕಿತು. ಆ ಹೊತ್ತಿಗೆ ಕೈ ಫೋನಿನಿಂದ ಈಗಷ್ಟೇ ಹಿಂದೆ ಬಂದಿರುತ್ತೆ, ಕಣ್ಣು ಮಾತ್ರ ಇನ್ನೂ ಅದರ ಮೇಲೇ ಇರುತ್ತೆ. ಸರಿಯಾಗಿ ಆಗ "ಹ್ಞೂಂ..." ಅಂತ ಒಂದು ಉಸಿರು.

ಇದಕ್ಕೆ ಕಾರಣವೂ ಇದೆ. ಇಬ್ಬರು ಮಾತಾಡುವಾಗ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡೋದರ ನಡುವೆ ಸಾಮಾನ್ಯವಾಗಿ ಸುಮಾರು 200 ಮಿಲಿಸೆಕೆಂಡ್ ಅಂತರ ಇರುತ್ತೆ. ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಭಾಷೆ ಬೇರೆಯಾದರೂ ಈ ಅಂತರದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಉತ್ತರ ಅದಕ್ಕಿಂತ ತಡವಾದರೆ ಎದುರಿಗಿರೋರಿಗೆ ಇಷ್ಟವಿಲ್ಲ, ಹಿಂದೆ ಮುಂದೆ ನೋಡುತ್ತಿದ್ದಾರೆ ಅಂತ ನಮಗೆ ತಾನಾಗಿ ಅನ್ನಿಸುತ್ತೆ. ನನ್ನ ಫೋನ್ ಮುನಿಸಿಕೊಂಡಿದೆ ಅಂತ ಜನಕ್ಕೆ ಅನ್ನಿಸಿದ್ದು ನಿಟ್ಟುಸಿರಿನ ಸದ್ದಿಗಿಂತ ಜಾಸ್ತಿ ಅದಕ್ಕೆ ಮುಂಚಿನ ಆ ಮೌನದಿಂದ. ಹಾಗಾಗಿ ನಿಮ್ಮ ಪ್ರಾಜೆಕ್ಟ್‌ನಲ್ಲಿ ಬಣ್ಣ, ಅಕ್ಷರ, ಐಕಾನ್‌ಗೆ ಕೊಡೋ ಸಮಯದ ಅರ್ಧವನ್ನಾದರೂ ಈ ಮೌನ ಅಳೆಯೋಕೆ ಕೊಡಿ.

ಎರಡು ಫೋನ್‌ಗಳ ನಡುವೆ ಏನಾದರೂ ಮಾಡೋ ಯೋಚನೆ ಇದ್ದರೆ ಇದನ್ನು ಇನ್ನೂ ಹುಷಾರಾಗಿ ನೋಡಬೇಕು. ಫೋನ್ ಮಾತುಕತೆಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದನಿ ತಲುಪೋಕೆ 150 ಮಿಲಿಸೆಕೆಂಡ್ ದಾಟದಿದ್ದರೆ ಒಳ್ಳೆಯದು, 400 ಮಾತ್ರ ದಾಟಲೇಬಾರದು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸೇ ಇದೆ. ಮಾತಿಗೆ ಅದು ನಡೆಯುತ್ತೆ, ಪಂಚ್ ಲೈನ್‌ಗೆ ನಡೆಯಲ್ಲ. ಅದಕ್ಕೇ ಸದ್ದನ್ನು ನೆಟ್‌ವರ್ಕ್ ಮೇಲೆ ಕಳಿಸಬೇಡಿ. ಎರಡೂ ಫೋನ್‌ನಲ್ಲಿ ಸದ್ದನ್ನು ಮೊದಲೇ ತುಂಬಿಸಿಟ್ಟು, "ಇಂಥ ಕ್ಷಣಕ್ಕೆ ಶುರು ಮಾಡು" ಅನ್ನೋ ಸಮಯವನ್ನಷ್ಟೇ ಕಳಿಸಿ. ಬ್ಲೂಟೂತ್ ಸ್ಪೀಕರ್ ಕೂಡ ಬೇಡ, ಅದೂ ತನ್ನ ಪಾಲಿನ ತಡ ಸೇರಿಸುತ್ತೆ.

ಇನ್ನೊಂದು ಮುಖ್ಯ ವಿಷಯ: ನಗು ಒಬ್ಬರ ಕೆಲಸ ಅಲ್ಲ. ನಗುವಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್ ಕಂಡುಕೊಂಡಿದ್ದು, ಒಬ್ಬರೇ ಇದ್ದಾಗಿಗಿಂತ ಬೇರೆಯವರ ಜೊತೆ ಇದ್ದಾಗ ನಾವು ಸುಮಾರು 30 ಪಟ್ಟು ಜಾಸ್ತಿ ನಗುತ್ತೇವೆ ಅಂತ. ಅದೂ ಹೆಚ್ಚಾಗಿ ಜೋಕಿಗಲ್ಲ. "ಸರಿ, ಆಮೇಲೆ ಸಿಗೋಣ" ಅನ್ನೋವಂಥ ಸಾದಾ ಮಾತಿಗೆ. ಫೋನ್ ನೋಡಿದರೆ ಇದಕ್ಕೆ ಪೂರ್ತಿ ಉಲ್ಟಾ. ಸಣ್ಣ ಪರದೆ, ಕಿವಿಯಲ್ಲಿ ಇಯರ್‌ಫೋನ್, ಬಗ್ಗಿದ ಕತ್ತು, ಎಲ್ಲಾ ಒಬ್ಬರಿಗಾಗಿ ಮಾಡಿದ್ದು. ಒಬ್ಬರಿಗಾಗಿ ಮಾಡಿದ ವಸ್ತುವಿನಿಂದ ನಾಲ್ಕು ಜನರ ನಗು ಹೇಗೆ ತರೋದು ಅನ್ನೋದೇ ನಿಮ್ಮ ಡಿಸೈನ್ ಪ್ರಶ್ನೆ. ಇದನ್ನು ಹಾಗೇ ವರದಿಯ ಮೊದಲ ಪುಟದಲ್ಲಿ ಬರೆದುಕೊಂಡರೂ ನಡೆಯುತ್ತೆ.

ನನ್ನ ಫೋನನ್ನು ಒಬ್ಬ ಗೆಳತಿ ಎರಡು ದಿನ ಇಟ್ಟುಕೊಂಡಿದ್ದಳು. ನಾಲ್ಕು ಜನ ಕೂತಿದ್ದಾಗ ಹೊಟ್ಟೆ ಹಿಡಿದುಕೊಂಡು ನಕ್ಕವಳು ವಾಪಸ್ ಕೊಡುವಾಗ ಹೇಳಿದ್ದು ಬೇರೆ: "ರಾತ್ರಿ ಒಬ್ಬಳೇ ಇದ್ದಾಗ ಅದು ನಿಟ್ಟುಸಿರು ಬಿಟ್ಟರೆ ಒಂಥರಾ ಸಂಕಟ ಆಗುತ್ತೆ ಕಣೇ." ಆ ಮಾತು ನನಗೆ ಈಗಲೂ ನೆನಪಿದೆ. ಸದ್ದು ಅದೇ, ಹೊತ್ತೂ ಅದೇ, ಕೇಳೋಕೆ ಜೊತೆಗೆ ಯಾರೂ ಇಲ್ಲ ಅಷ್ಟೇ. ಆಮೇಲೆ ಸುತ್ತ ಮಾತಿನ ಸದ್ದು ಇದ್ದರೆ ಮಾತ್ರ ನಿಟ್ಟುಸಿರು ಬರೋ ಹಾಗೆ ಬದಲಾಯಿಸಿದೆ. ಮೈಕ್ ಸದ್ದಿನ ಮಟ್ಟ ನೋಡಿದರೆ ಸಾಕಿತ್ತು, ಯಾರ ಮಾತನ್ನೂ ರೆಕಾರ್ಡ್ ಮಾಡಬೇಕಿರಲಿಲ್ಲ.

ಹಿಂದೆ ಆಗಿರೋ ಕೆಲಸಗಳಲ್ಲಿ ಎರಡನ್ನು ಖಂಡಿತ ನೋಡಿ. 2002ರಲ್ಲಿ ಐಡಿಯೋ ಅನ್ನೋ ಡಿಸೈನ್ ಸಂಸ್ಥೆ ಮತ್ತು ಡಿಸೈನರ್ ಕ್ರಿಸ್ಪಿನ್ ಜೋನ್ಸ್ ಸೇರಿ "ಸೋಷಿಯಲ್ ಮೊಬೈಲ್ಸ್" ಅಂತ ಐದು ಫೋನ್ ಮಾಡಿದರು. ಒಂದರಲ್ಲಿ ಆಚೆ ಕಡೆಯವರು ಎಷ್ಟು ಜೋರಾಗಿ ಮಾತಾಡುತ್ತಾರೋ ಅದಕ್ಕೆ ತಕ್ಕ ಹಾಗೆ ಈಚೆ ಕಡೆಯವರ ಕೈಗೆ ಶಾಕ್ ಹೊಡೆಯುತ್ತೆ. ಇನ್ನೊಂದರಲ್ಲಿ ನಂಬರ್ ಹಾಕಬೇಕಾದರೆ ವಾದ್ಯದ ಥರ ನುಡಿಸಬೇಕು. ಮತ್ತೊಂದರಲ್ಲಿ ಕರೆ ಮಾಡೋಕೆ ಫೋನನ್ನು ಬಾಗಿಲಿನ ಹಾಗೆ ತಟ್ಟಬೇಕು. ಎಷ್ಟು ಅರ್ಜೆಂಟ್ ಅನ್ನೋದು ತಟ್ಟಿದ ಜೋರಿನಲ್ಲೇ ಆ ಕಡೆಯವರಿಗೆ ಗೊತ್ತಾಗುತ್ತೆ. ನಾಲ್ಕು ಜನರ ನಡುವೆ ಜೋರಾಗಿ ಫೋನಲ್ಲಿ ಮಾತಾಡೋರ ಕಾಟ ಎಲ್ಲರಿಗೂ ಗೊತ್ತಿರೋದೇ. ಆ ಸಿಟ್ಟನ್ನು ಉಪದೇಶ ಮಾಡದೆ ಒಂದು ವಸ್ತುವಿನ ನಡವಳಿಕೆಯಾಗಿ ಮಾಡಿದ್ದಾರೆ. ನೋಡಿದವರು ಮೊದಲು ನಗುತ್ತಾರೆ, ಆಮೇಲೆ ವಾದಕ್ಕೆ ಇಳಿಯುತ್ತಾರೆ. ವಿದ್ಯಾರ್ಥಿ ಪ್ರಾಜೆಕ್ಟ್‌ಗೆ ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಮಾದರಿ ಇಲ್ಲ.

ಎರಡನೆಯದು 2013ರಲ್ಲಿ ಬಂದ "ಸೆಂಡ್ ಮಿ ಟು ಹೆವನ್" ಅನ್ನೋ ಆಟ. ಆಟ ಅಂದರೆ ಇಷ್ಟೇ: ಫೋನನ್ನು ಆಕಾಶಕ್ಕೆ ಎಸೆಯೋದು. ಎಷ್ಟು ಎತ್ತರ ಹೋಯ್ತು ಅಂತ ಅದೇ ಹೇಳುತ್ತೆ. ಮೇಲೆ ಹೋಗಿ ಬರೋವಾಗ ಆಕ್ಸೆಲೆರೋಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತೆ. ಆ ಸೊನ್ನೆ ಎಷ್ಟು ಹೊತ್ತು ಇತ್ತು ಅಂತ ಗೊತ್ತಾದರೆ ಎತ್ತರ ಲೆಕ್ಕ ಹಾಕಬಹುದು. ಕೈಯಿಂದ ಹೊರಟು ಕೈಗೆ ಬರೋಕೆ ಒಂದು ಸೆಕೆಂಡ್ ಆದರೆ ಸುಮಾರು 1.2 ಮೀಟರ್, ಎರಡು ಸೆಕೆಂಡ್ ಆದರೆ ಸುಮಾರು 4.9 ಮೀಟರ್. ಫೋನಿಗೆ ಹಾನಿ ಆಗುತ್ತೆ ಅಂತ ಆ್ಯಪಲ್ ಇದನ್ನು ತನ್ನ ಸ್ಟೋರ್‌ಗೆ ಸೇರಿಸಿಕೊಳ್ಳಲಿಲ್ಲ. ಕವರ್ ಹಾಕಿ, ಗಾಜು ಅಂಟಿಸಿ, ಮಗುವಿನ ಹಾಗೆ ಜೋಪಾನ ಮಾಡೋ ವಸ್ತುವನ್ನು ಎಸೆ ಅಂತ ಆ ವಸ್ತುವೇ ಹೇಳುತ್ತೆ! ಇಲ್ಲಿ ಸೆನ್ಸರ್ ತೆಗೆದರೆ ಹಾಸ್ಯವೇ ಇಲ್ಲ. ನಾನು ಮೊದಲು ಹೇಳಿದ್ದು ಇದನ್ನೇ.

ಈ ಎಸೆಯೋ ಆಟದಿಂದ ಇನ್ನೊಂದು ಮಾತು ಬರುತ್ತೆ. ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರೆನ್ ಅನ್ನೋ ಸಂಶೋಧಕರು 2010ರಲ್ಲಿ ಹೇಳಿದ ಪ್ರಕಾರ, ಒಂದು ವಿಷಯ ತಪ್ಪು ಅಂತಲೂ, ಅದೇ ಹೊತ್ತಿಗೆ ಪರವಾಗಿಲ್ಲ ಅಂತಲೂ ಅನ್ನಿಸಿದಾಗ ನಗು ಬರುತ್ತೆ. ಬರೀ ತಪ್ಪಾದರೆ ಸಿಟ್ಟು ಇಲ್ಲ ಭಯ. ಬರೀ ಪರವಾಗಿಲ್ಲ ಅಂದರೆ ಬೋರು. ನಿಮ್ಮ ಐಡಿಯಾವನ್ನು ಈ ಎರಡೂ ಕಡೆಯಿಂದ ತೂಗಿ ನೋಡಿ. ಹಾಗೆ ತೂಗಿದಾಗ ಸುಳ್ಳು ಕರೆ, ನಕಲಿ ಮೆಸೇಜ್, "ನಿಮ್ಮ ಫೋನ್ ಹ್ಯಾಕ್ ಆಗಿದೆ" ಅನ್ನೋ ಥರದ ಐಡಿಯಾಗಳೆಲ್ಲ ಬಿದ್ದುಹೋಗುತ್ತವೆ. ನೋಡೋರಿಗೆ ಅದು ಪರವಾಗಿಲ್ಲ ಅನ್ನಿಸಬಹುದು, ಸಿಕ್ಕಿಬಿದ್ದವರಿಗೆ ಅನ್ನಿಸಲ್ಲ. ನಗೋದಾದರೆ ಫೋನನ್ನು ನೋಡಿ ನಗಲಿ, ಮನುಷ್ಯರನ್ನು ನೋಡಿ ಬೇಡ. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ಮಾಡೋ ಬಗ್ಗೆ ಹೇಳೋದಾದರೆ, ಮೊದಲು ಕೋಡ್ ಬರೆಯಬೇಡಿ. ಸ್ನೇಹಿತರೊಬ್ಬರನ್ನು ಪಕ್ಕದ ಟೇಬಲ್‌ನಲ್ಲಿ ಕೂರಿಸಿ. ಇಲ್ಲಿ ಫೋನ್ ಇಟ್ಟ ತಕ್ಷಣ ಅವರು ತಮ್ಮ ಲ್ಯಾಪ್‌ಟಾಪಿನಿಂದ ಬಟನ್ ಒತ್ತಿ ಇದರಲ್ಲಿ ಸದ್ದು ಬರಿಸಲಿ. ಡಿಸೈನ್‌ನಲ್ಲಿ ಇದಕ್ಕೆ ವಿಝರ್ಡ್ ಆಫ್ ಆಝ್ ಪದ್ಧತಿ ಅಂತಾರೆ. ಒಂದು ಮಧ್ಯಾಹ್ನದಲ್ಲಿ ಹತ್ತು ಐಡಿಯಾ ಪರೀಕ್ಷಿಸಿ ಒಂಬತ್ತನ್ನು ಬಿಟ್ಟುಬಿಡಬಹುದು. ಉಳಿದ ಒಂದಕ್ಕೆ ಕೂಡ ಆ್ಯಪ್ ಬೇಕಿಲ್ಲ, ಬ್ರೌಸರ್‌ನಲ್ಲಿ ತೆರೆಯೋ ಒಂದು ಪುಟ ಸಾಕು. ಆದರೆ ಕೆಲವು ತೊಡಕು ಮೊದಲೇ ತಿಳಿದಿರಲಿ. ಮೈಕ್, ಚಲನೆಯ ಸೆನ್ಸರ್ ಸಿಗಬೇಕಾದರೆ ಪುಟ ಎಚ್‌ಟಿಟಿಪಿಎಸ್‌ನಲ್ಲಿರಬೇಕು, ಅಂದರೆ ವಿಳಾಸ https ಅಂತ ಶುರುವಾಗೋ ಸುರಕ್ಷಿತ ಪುಟ ಆಗಿರಬೇಕು. ಐಫೋನ್ ನಡೆಸೋ ಸಾಫ್ಟ್‌ವೇರ್ ಐಓಎಸ್‌ನ 13ನೇ ಆವೃತ್ತಿಯಿಂದ ಈಚೆಗೆ ಅದರಲ್ಲಿ ಚಲನೆಯ ಮಾಹಿತಿಗೆ, ಬಳಸೋರು ಪರದೆ ಮುಟ್ಟಿದ ಮೇಲೆಯೇ ಅನುಮತಿ ಕೇಳೋಕಾಗೋದು. ಸದ್ದೂ ಹಾಗೇ, ಒಮ್ಮೆ ಮುಟ್ಟದೆ ಹೊರಡಲ್ಲ. ಅದಕ್ಕೆ ಪುಟ ತೆರೆದಾಗ ದೊಡ್ಡದಾಗಿ "ಶುರು" ಅಂತ ಒಂದು ಬಟನ್ ಇಟ್ಟು, ಎಲ್ಲಾ ಅನುಮತಿ ಅಲ್ಲೇ ತೆಗೆದುಕೊಳ್ಳಿ. ನನಗೆ ಇದು ಗೊತ್ತಿಲ್ಲದೆ ಪ್ರದರ್ಶನದ ದಿನ ಬೆಳಿಗ್ಗೆ ಒಂದು ಗಂಟೆ ಫೋನ್ ಮೂಕವಾಗಿ ಕೂತಿತ್ತು. ತುಂಬಾ ಸಂಕಟಪಟ್ಟೆ. ನಿಮಗೆ ಹಾಗಾಗೋದು ಬೇಡ.

ಪರೀಕ್ಷೆ ಮಾಡುವಾಗ "ತಮಾಷೆಯಾಗಿತ್ತಾ?" ಅಂತ ಕೇಳಬೇಡಿ. ಪಾಪ, ಎಲ್ಲರೂ ಹೌದು ಅಂತಾರೆ. ಒಪ್ಪಿಗೆ ತೆಗೆದುಕೊಂಡು ವಿಡಿಯೋ ಮಾಡಿ, ಆಮೇಲೆ ನಿಧಾನಕ್ಕೆ ನೋಡಿ. ಸದ್ದು ಬಂದ ಎಷ್ಟು ಹೊತ್ತಿಗೆ ನಕ್ಕರು? ನಕ್ಕ ಮೇಲೆ ಫೋನ್ ನೋಡಿದರಾ, ಪಕ್ಕದವರ ಮುಖ ನೋಡಿದರಾ? ಯಾರೂ ಹೇಳದೆ ಇನ್ನೊಮ್ಮೆ ಮಾಡಿದರಾ? ನನ್ನ ಪರೀಕ್ಷೆಯಲ್ಲಿ ಒಬ್ಬ ಹುಡುಗ ಒಂದು ಸಲ ನಕ್ಕು, ಫೋನನ್ನು ಎತ್ತಿಕೊಂಡು ಪಕ್ಕದ ಟೇಬಲ್‌ಗೆ ಹೋಗಿ, "ಇದನ್ನ ನೋಡ್ರೋ" ಅಂತ ಅಲ್ಲಿ ಬೋರಲು ಹಾಕಿದ. ಏಳುನೂರು ಮಿಲಿಸೆಕೆಂಡ್ ಎಲ್ಲರೂ ಸುಮ್ಮನಿದ್ದರು. ಆಮೇಲೆ ಆ ಟೇಬಲ್ ನಕ್ಕಿತು. ಇನ್ನು ಹತ್ತು ಜನ ಫಾರ್ಮ್ ತುಂಬಿ ಐದಕ್ಕೆ ಐದು ಅಂಕ ಕೊಟ್ಟಿದ್ದರೂ ನನಗೆ ಅಷ್ಟು ಧೈರ್ಯ ಬರುತ್ತಿರಲಿಲ್ಲ.

ಹಾಸ್ಯ ಅಂದರೆ ಪ್ರಾಜೆಕ್ಟ್ ಪರೀಕ್ಷಿಸೋ ಜ್ಯೂರಿ ಹಗುರವಾಗಿ ನೋಡುತ್ತಾರೇನೋ ಅನ್ನೋ ಅಳುಕು ನಿಮಗಿದ್ದರೆ, ಅವರಿಗೆ ಒಂದು ಸಂಗತಿ ನೆನಪಿಸಿ. 1973ರ ಏಪ್ರಿಲ್ 3ರಂದು ಮೊಟೊರೊಲಾದ ಮಾರ್ಟಿನ್ ಕೂಪರ್ ಕೈಯಲ್ಲಿ ಹಿಡಿಯೋ ಮೊಬೈಲಿನಿಂದ ಮೊದಲ ಕರೆ ಮಾಡಿದರು. ಮಾಡಿದ್ದು ಯಾರಿಗೆ ಗೊತ್ತಾ? ಅದೇ ಕೆಲಸದಲ್ಲಿ ಪೈಪೋಟಿಯಲ್ಲಿದ್ದ ಬೆಲ್ ಲ್ಯಾಬ್ಸ್‌ನ ಜೋಯೆಲ್ ಎಂಗೆಲ್‌ಗೆ, ನಾನು ಮೊಬೈಲಿನಿಂದ ಮಾತಾಡುತ್ತಿದ್ದೇನೆ ಅಂತ ಹೇಳೋಕೆ. ಮೊದಲ ಕರೆಯೇ ಒಂದು ಕೀಟಲೆ.

ಈ ವಾರ ಒಂದು ಗಂಟೆ ಜನ ಇರೋ ಕಡೆ ಕೂತು, ಅವರು ಫೋನನ್ನು ಏನೇನು ಮಾಡುತ್ತಾರೆ ಅಂತ ಬರೆದುಕೊಳ್ಳಿ. ಸಿಗ್ನಲ್‌ಗಾಗಿ ಕೈ ಎತ್ತೋದು, ಪರದೆಯನ್ನು ಬಟ್ಟೆಗೆ ಉಜ್ಜೋದು, ಚಾರ್ಜರ್ ಹುಡುಕೋದು, ಫೋನ್ ಎಲ್ಲಿ ಅಂತ ಜೇಬು ತಡಕೋದು. ಅದರಲ್ಲಿ ನಿಮಗೆ ಹಿಡಿಸಿದ ಒಂದನ್ನು ಇಲ್ಲೇ ಉತ್ತರದ ಕೆಳಗೆ ಬರೆಯಿರಿ. ಅದಕ್ಕೆ ಫೋನ್ ಏನು ಮಾಡಬೇಕು, ಎಷ್ಟು ಹೊತ್ತು ಸುಮ್ಮನಿದ್ದು ಮಾಡಬೇಕು ಅಂತ ಇಬ್ಬರೂ ಸೇರಿ ಯೋಚಿಸೋಣ.